ಮೂರನೇ ಸಲ ಕರೆದವರು

ದೆವ್ವ, ಗಾಳಿ, ಸೋಂಕು ಅಂದರೆ ನಗುವವರ ಪೈಕಿ ನಾನೂ ಒಬ್ಬ. ನನ್ನದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟ ಮೋಟಾರನ್ನು ಬಿಚ್ಚಿ ನೋಡಿದರೆ ಯಾಕೆ ಸುಟ್ಟಿತು ಅನ್ನುವುದು ಸಿಕ್ಕೇ ಸಿಗುತ್ತದೆ. ನೀರಿಲ್ಲದ ಬಾವಿಯಲ್ಲಿ ಓಡಿಸಿರುತ್ತಾರೆ, ಇಲ್ಲವೆ ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋಗಿರುತ್ತದೆ. ಕಾರಣವಿಲ್ಲದೆ ಏನೂ ಸುಡುವುದಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ನಿಪ್ಪಾಣಿಯಲ್ಲಿ ಬೈಗುಳ ತಿಂದು ಕೆಲಸ ಕಲಿತು, ಪಾಲಬಾವಿಯಲ್ಲಿ ಸ್ವಂತ ಅಂಗಡಿ ಹಾಕಿದ ನನಗೆ ಈ ಒಂದು ಮಾತೇ ದೊಡ್ಡ ವಿದ್ಯೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ ಆ ಒಂದು ಸಂಜೆಯನ್ನು ನಾನು ಎಷ್ಟು ಸಲ ಬಿಚ್ಚಿ ನೋಡಿದರೂ ಕಾರಣ ಸಿಕ್ಕಿಲ್ಲ.

ಮೊದಲು ನನ್ನ ಸ್ವಭಾವ ಹೇಳಬೇಕು. ನನ್ನ ಅಂಗಡಿಯಲ್ಲಿ ನಾನು ಯಾರನ್ನೂ ಮೂರು ಸಲ ಕರೆಯುವುದಿಲ್ಲ. ಒಂದು ಸಲ ಕರೆದಾಗ ಬರಬೇಕು. ಕೇಳಿಸದಿದ್ದರೆ ಎರಡನೇ ಸಲ. ಅದರ ಮೇಲೆ ಬಾಯಿ ಮುಚ್ಚಿಕೊಂಡು ನಾನೇ ಎದ್ದು ಹೋಗಿ ಆ ಕೆಲಸ ಮಾಡುತ್ತೇನೆ, ಆ ಮನುಷ್ಯನ ಜೊತೆ ದಿನವಿಡೀ ಮಾತಾಡುವುದಿಲ್ಲ. ಮನೆಯಲ್ಲೂ ಅದೇ. ಕೂಗಿ ಕೂಗಿ ಕರೆಯುವುದು ಬೇಡುವವರ ಕೆಲಸ ಅಂತ ನನ್ನ ತಿಳುವಳಿಕೆ.

ನನ್ನ ಅವ್ವನದು, ಅಂದರೆ ನನ್ನ ಮಗಳ ಆಯಿಯದು, ಬೇರೆ ಲೆಕ್ಕ. ಆಕೆ ಕುರಿ ಮೇಯಿಸುವ ಮನೆಯಿಂದ ಬಂದವಳು, ಚಿಕ್ಕಂದಿನಲ್ಲಿ ಅಡವಿಯಲ್ಲೇ ಮಲಗಿ ಎದ್ದವಳು. ನನ್ನ ಮಗಳು ಅಕ್ಷತಾಳಿಗೆ ಮಾತು ಬಂದಾಗಿನಿಂದ ಒಂದು ಪಾಠ ಕಲಿಸಿದ್ದಳು. "ಅಡವ್ಯಾಗ ಯಾರರೆ ಹೆಸರ ಹಿಡದ ಕರದ್ರ ಒಂದನೇ ಸಲ ಓ ಅನಬ್ಯಾಡ, ಎರಡನೇ ಸಲಾನೂ ಅನಬ್ಯಾಡ. ದೆವ್ವಕ್ಕ ಎರಡರ ಮ್ಯಾಲೆ ಕರಿಯಾಕ ಬರೂದಿಲ್ಲ. ಮೂರನೇ ಸಲ ಕರದಂವ ಮನಶ್ಯಾ." ಹುಡುಗಿ ಇದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ನಾನು ನಗುತ್ತಿದ್ದೆ. ನನ್ನ ನಿಯಮವೂ ಅವ್ವನ ನಿಯಮವೂ ಒಂದಕ್ಕೊಂದು ಎದುರು ನಿಂತಿವೆ ಅನ್ನುವುದು ಒಂದು ದಿನವಾದರೂ ನನ್ನ ತಲೆಗೆ ಹೊಳೆಯಲಿಲ್ಲ.

ಆ ವರ್ಷ ರವಿವಾರ ಬಂತೆಂದರೆ ನಾವು ಮೂವರೂ ಬೈಕಿನ ಮೇಲೆ ಹೊರಡುತ್ತಿದ್ದೆವು. ಇದು ಶುರುವಾದದ್ದು ನನ್ನ ಹೆಂಡತಿ ಮಹಾದೇವಿಯ ಕುಹಕದಿಂದ. ರವಿವಾರವೂ ಅಂಗಡಿಗೆ ಹೊರಟವನನ್ನು ಬಾಗಿಲಲ್ಲಿ ತಡೆದು, "ನೀವು ಮೋಟಾರಿನ ಜೋಡೀನ ಲಗ್ನ ಆಗಬೇಕಿತ್ರಿ, ಅದರ ರೊಟ್ಟಿ ಖರ್ಚರೆ ಉಳೀತಿತ್ತು" ಅಂದಳು. ಮುಂದಿನ ವಾರ ಬುತ್ತಿ ಕಟ್ಟಿಸಿಕೊಂಡು ಹೊರಟೆ. ದೂರದ ಊರುಗಳಲ್ಲ, ನಮ್ಮ ಸುತ್ತಲಿನ ಕೆರೆಗಳು, ಅರಣ್ಯ ಇಲಾಖೆಯವರು ಗಿಡ ಹಚ್ಚಿದ ಗುಡ್ಡಗಳು, ಕುರಿ-ಆಡು ಓಡಾಡಿ ಬಿದ್ದ ಕಾಲುದಾರಿಗಳು. ಇಷ್ಟು ವರ್ಷ ಪಂಪು ಎತ್ತಲು ಹೋಗುವಾಗ ಅವುಗಳ ಪಕ್ಕದಿಂದಲೇ ಹಾದಿದ್ದೆ, ಒಂದನ್ನೂ ನೋಡಿರಲಿಲ್ಲ. ಅಕ್ಷತಾ ಪ್ರತಿ ದಾರಿಗೂ ಹೆಸರಿಡುತ್ತಿದ್ದಳು. ನವಿಲಿನ ದಾರಿ, ಮುಳ್ಳಿನ ದಾರಿ, ಅಪ್ಪ ಜಾರಿ ಬಿದ್ದ ದಾರಿ.

ಮಹಾದೇವಿಯ ತವರು ತೆಲಸಂಗದ ಕಡೆ. ಅಲ್ಲಿಗೆ ಹೋದ ಒಂದು ರವಿವಾರ ಮಧ್ಯಾಹ್ನ ಹತ್ತಿರದ ಕೆರೆಯೊಂದಕ್ಕೆ ಹೋದೆವು. ಬೇಸಿಗೆ ಆಗತಾನೆ ಶುರುವಾಗಿತ್ತು. ನೀರು ನಡುವಿಗೆ ಸರಿದು, ಸುತ್ತಲಿನ ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು. ಒಡ್ಡಿನ ಒಂದು ತುದಿಗೆ ಬೇವು, ಜಾಲಿಗಳ ಕಾಡು. ಕಾಡಿನ ಬಾಯಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ನಮ್ಮನ್ನು ನಿಲ್ಲಿಸಿ, "ಗಿಡದಾಗ ಬೇಕಾದಷ್ಟ ತಿರಗ್ರಿ. ಆ ಕಡೆ ನೀರಿನ ದಂಡಿಗೆ ಮಾತ್ರ ಹೋಗಬ್ಯಾಡ್ರಿ. ಮ್ಯಾಲೆ ಒಣಗೈತಿ, ಒಳಗ ಹುದುಲ ಐತಿ. ನನ್ನ ಆಡ ಒಂದು ಕಣ್ಣ ಮುಂದ ಮುಳಗ್ತು" ಅಂದ. ಹೌದ್ರಿ ಅಂದೆ. ಮಗಳನ್ನು ಕೂಡಿಸಿಕೊಂಡು ತಿಳಿಸಿ ಹೇಳಬೇಕಿತ್ತು. ನೀರಿನ ಕಡೆ ಹೋಗಬೇಡ ಅಂತ ನಡೆಯುತ್ತ ಒಂದು ಮಾತು ಅಂದೆ, ಅಷ್ಟೇ.

ರೊಟ್ಟಿ, ಶೇಂಗಾ ಚಟ್ನಿ ತಿಂದು, ಕಾಡಿನಲ್ಲಿ ತಿರುಗಿ, ಹೊತ್ತು ಇಳಿಯುವಾಗ ಹೊರಡಲು ತಯಾರಾದೆವು. ಮಹಾದೇವಿ ಒಡ್ಡಿನ ಮೇಲೆ ಬೈಕಿನ ಹತ್ತಿರ ಬುತ್ತಿಯ ಗಂಟು ಕಟ್ಟುತ್ತಿದ್ದಳು. ನಾನು ಕಾಡಿನ ಅಂಚಿನಲ್ಲಿ ಒಂದು ಬೇವಿನ ಗಿಡದ ಕೆಳಗೆ ನಿಂತಿದ್ದೆ. ನವಿಲುಗರಿ ಹುಡುಕುತ್ತೇನೆಂದು ಅಕ್ಷತಾ ಒಳಗಿನ ಕಾಲುದಾರಿಗೆ ಹೋಗಿದ್ದಳು. ಅಷ್ಟರಲ್ಲಿ ದ್ರಾಕ್ಷಿ ತೋಟದವರೊಬ್ಬರು ಫೋನು ಮಾಡಿ, ಮೋಟಾರು ನಿಂತಿದೆ, ನಾಳೆ ನಸುಕಿಗೇ ಬರಬೇಕು ಅಂದರು. ನನಗೆ ಮನೆಯ ಅವಸರ ಹತ್ತಿತು.

"ಅಕ್ಷೂ" ಅಂತ ಕರೆದೆ. ಉತ್ತರವಿಲ್ಲ. ಎರಡನೇ ಸಲ ಸಿಟ್ಟಿನಿಂದ ಕರೆದೆ. ಆಗಲೂ ಇಲ್ಲ. ಕಾಡೇನು ದೊಡ್ಡದಲ್ಲ, ಕೇಳಿಸಿಯೇ ಇರುತ್ತದೆ ಅಂತ ನನಗೆ ಗೊತ್ತಿತ್ತು. ಬೇಕಂತಲೇ ಸುಮ್ಮನಿದ್ದಾಳೆ, ತಾನಾಗಿ ಬರಲಿ ಅಂದುಕೊಂಡೆ. ಅಂಗಡಿಯ ನಿಯಮವನ್ನು ಎಂಟು ತುಂಬಿದ ಕೂಸಿನ ಮೇಲೆ ಹೇರಿದೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಕೆಳದುಟಿಯೊಳಗೆ ಇಟ್ಟುಕೊಂಡು, ಗಿಡಕ್ಕೆ ಬೆನ್ನು ಕೊಟ್ಟು ಫೋನು ನೋಡುತ್ತ ನಿಂತೆ.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಂದು ಸಿಗರೇಟು ಸೇದುವಷ್ಟು ಹೊತ್ತಿರಬಹುದು. ಟಿಟ್ಟಿಬ ಹಕ್ಕಿಯೊಂದು ಕೂಗುತ್ತಿದ್ದದ್ದು ನೆನಪಿದೆ, ಅದು ತಟ್ಟನೆ ನಿಂತದ್ದೂ ನೆನಪಿದೆ. ಬೇರೆ ಯಾವ ಸದ್ದನ್ನೂ ನಾನು ಕೇಳಲಿಲ್ಲ.

ಆಮೇಲೆ ಜಾಲಿಯ ನಡುವಿನಿಂದ ಅಕ್ಷತಾ ಓಡುತ್ತ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಆ ಕಾಲು ಮೊಳಕಾಲಿನ ತನಕ ಕರಿ ರಾಡಿ. "ಬಂದ್ನೆಪಾ, ಬಂದ್ನಿ" ಅನ್ನುತ್ತಲೇ ಬಂದು ನನ್ನ ಸೊಂಟ ತಬ್ಬಿಕೊಂಡಳು. ಅದೇ ಹೊತ್ತಿಗೆ ಒಡ್ಡಿನ ಮೇಲಿಂದ ಮಹಾದೇವಿ, "ಸಿಕ್ಕಳಿಲ್ರಿ? ಅಷ್ಟ್ಯಾಕ ಒದರತೀರಿ?" ಅಂದಳು. ನನ್ನ ಮೊದಲ ಎರಡು ಕೂಗಿಗೆ ಅನ್ನುತ್ತಿದ್ದಾಳೆ ಅಂದುಕೊಂಡೆ.

ತಂಬಾಕು ಉಗುಳಿ, ಬಯ್ಯಲು ಬಾಯಿ ತೆಗೆದೆ. ಅಷ್ಟರಲ್ಲಿ ಮಗಳೇ ಹೇಳಿದಳು.

"ನೀ ಎರಡ ಸಲ ಕರದ ಸುಮ್ಮಾದಿ. ಮೂರನೇದು ಬರಲೇ ಇಲ್ಲ. ಆಯಿ ಹೇಳಿದ್ದು ಇದ ಅಂತ ನನಗ ಅಂಜಿಕಿ ಬಂತು. ಆ ಧ್ವನಿ ಬಿಟ್ಟ ದೂರ ಹೋಗಬೇಕಂತ ಆ ಕಡೆ ಓಡಿದ್ನಿ. ಕಾಲ ಸಿಕ್ಕೊಂತು. ಇನ್ನಾ ಮುಂದ ಹೋಗಾಕಿದ್ದೆ, ಆವಾಗ ನೀ ಮೂರನೇ ಸಲ ಕರದಿ. ಅಪ್ಪನ ಅಂತ ಗೊತ್ತಾತು, ತಿರಗಿ ಬಂದ್ನಿ."

ಅವಳನ್ನು ತಾಯಿಯ ಕಡೆ ಕಳಿಸಿ, ಅವಳು ಬಂದ ದಾರಿ ಹಿಡಿದು ಹೋದೆ. ಕಾಡು ಮುಗಿದಲ್ಲಿ ಕೆರೆಯಂಗಳ. ಒಣಮಣ್ಣಿನ ಮೇಲೆ ಅವಳ ಸಣ್ಣ ಹೆಜ್ಜೆಗಳು ನೇರವಾಗಿ ನೀರಿನ ಕಡೆ ಹೋಗಿದ್ದವು. ನಾನು ಹೆಜ್ಜೆ ಇಟ್ಟ ಕಡೆ ನೆಲ ಹಾಸಿಗೆಯಂತೆ ಅಲುಗಾಡಿತು. ಮುಂದೆ ಹೋಗುವ ಧೈರ್ಯ ಬರಲಿಲ್ಲ. ಎದುರಿಗೇ ಅವಳ ಕೆಂಪು ಚಪ್ಪಲಿ ರಾಡಿಯಲ್ಲಿ ಅರ್ಧ ಹೂತಿತ್ತು. ಅಲ್ಲಿಂದ ಹೆಜ್ಜೆಗಳು ಹಿಂದೆ ತಿರುಗಿದ್ದವು. ನಾನು ನೋಡುತ್ತಿದ್ದಂತೆಯೇ ಆ ಚಪ್ಪಲಿಯ ಸುತ್ತ ಗುಳ್ಳೆ ಎದ್ದು, ಉಳಿದ ಅರ್ಧವೂ ಒಳಗೆ ಹೋಯಿತು.

ಪಾಲಬಾವಿಯ ತನಕ ಬೈಕು ಹೊಡೆಯುವ ಧೈರ್ಯವಾಗದೆ, ದ್ರಾಕ್ಷಿ ತೋಟದವರಿಗೆ ನಾಳೆ ಆಗುವುದಿಲ್ಲ ಅಂತ ಹೇಳಿ ತವರಿಗೇ ತಿರುಗಿದೆ. ಆ ರಾತ್ರಿ ತವರಿನ ಪಡಸಾಲೆಯಲ್ಲಿ ಮಗಳು ಮಲಗಿದ ಮೇಲೆ ಮಹಾದೇವಿ ತಾನಾಗಿಯೇ ಮಾತು ತೆಗೆದಳು. ಮೊದಲ ಎರಡು ಕೂಗು ಅಂಗಡಿಯಲ್ಲಿ ಕೂಗಿದಂತೆ ಇದ್ದವಂತೆ. "ಮೂರನೇದು ಹಂಗಲ್ಲ. ಕರಳ ಹರಿಯೂವಂಗ ಇತ್ತು. ನಿಮಗ ಹಂಗೂ ಕರಿಯಾಕ ಬರತೈತಿ ಅಂತ ನನಗ ಇಷ್ಟ ವರ್ಷ ಗೊತ್ತಿರಲಿಲ್ಲ ನೋಡ್ರಿ" ಅಂದಳು. ಕತ್ತಲಲ್ಲಿ ಅವಳು ನಗುತ್ತಿದ್ದಳು ಅನ್ನುವುದು ಧ್ವನಿಯಿಂದಲೇ ತಿಳಿಯುತ್ತಿತ್ತು. ನಾನು ಕರೆದಿಲ್ಲ ಅಂತ ಹೇಳದೆ, ಮಗಳ ಹೊದಿಕೆ ಸರಿ ಮಾಡಿದೆ.

ಪಾಲಬಾವಿಗೆ ಬಂದಾಗ ಮಗಳು ಮೊದಲು ಓಡಿದ್ದು ಆಯಿಯ ಹತ್ತಿರ. ಎಲ್ಲ ಹೇಳಿ, ಅಪ್ಪ ಕಡೆಗೂ ಮೂರು ಸಲ ಕರೆದ ಅಂದಳು. ಅವ್ವ ಆಕೆಯ ತಲೆ ಸವರುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಹುಡುಗಿ ಆಟಕ್ಕೆ ಹೋದ ಮೇಲೆ ಮೆಲ್ಲಗೆ ಅಂದಳು, "ಹಡದಾಕಿ ನಾ. ನೀ ಎರಡರ ಮ್ಯಾಲೆ ಕರಿಯಂವಲ್ಲ." ಹಾಗಾದರೆ ಯಾರು ಕರೆದರು ಅಂತ ಕೇಳಿದೆ. "ನನಗೇನ ಗೊತ್ತಪಾ. ಮೂರನೇ ಸಲ ಕರದಂವ ಮನಶ್ಯಾ. ಅಷ್ಟ ನಮ್ಮವ್ವ ನನಗ ಹೇಳಿದ್ದು" ಅಂದು ಎದ್ದು ಒಳಗೆ ಹೋದಳು.

ಮುಂದೆ ಒಂದು ದಿನ ಆ ಕಡೆ ಕೆಲಸಕ್ಕೆ ಹೋದಾಗ ಆಡಿನ ಮುದುಕನನ್ನು ಹುಡುಕಿ ಕೇಳಿದೆ. ಆತ ಅಂದು ಹೊತ್ತಿರುವಾಗಲೇ ಆಡು ಹೊಡೆದುಕೊಂಡು ಊರಿಗೆ ಹೋಗಿದ್ದ. ಹೋಗಿರದಿದ್ದರೂ, ನನ್ನ ಧ್ವನಿ ಅವನಿಗೆ ಎಲ್ಲಿಂದ ಬರಬೇಕು? ಒಡ್ಡಿಗೆ ಬಡಿದು ನನ್ನ ಎರಡನೇ ಕೂಗೇ ತಿರುಗಿ ಬಂತೆ ಅಂದರೆ, ತಂಬಾಕು ತಿಕ್ಕಿ ಬಾಯಿಗಿಡುವ ತನಕ ತಡೆದು ಬರುವ ಪ್ರತಿಧ್ವನಿ ಎಲ್ಲಿದೆ? ನಾನೇ ಕರೆದು ಮರೆತೆನೆ? ತುಟಿಯೊಳಗೆ ತಂಬಾಕು ಇಟ್ಟವನು ಹಾಗೆ ಕೂಗಲಾರ. ಇಟ್ಟು ನೋಡಿದ್ದೇನೆ, ಆಗುವುದಿಲ್ಲ. ಈಗ ತಂಬಾಕು ಬಿಟ್ಟಿದ್ದೇನೆ.

ನಾನು ಅಭಿಮಾನದ ಮನುಷ್ಯ. ಬೇರೆಯವರು ತಂತಿ ಸುತ್ತಿದ ಮೋಟಾರನ್ನು ನಾನು ಸುತ್ತಿದ್ದು ಅಂತ ಒಂದು ದಿನವೂ ಹೇಳಿದವನಲ್ಲ. ಆದರೆ ಮನೆಗೆ ಬಂದ ನೆಂಟರ ಮುಂದೆ ಅಕ್ಷತಾ ಈ ಕತೆ ಹೇಳಿ, "ನಮ್ಮಪ್ಪ ಕರದಾ, ಅದಕ್ಕ ಉಳದ್ನಿ" ಎಂದು ಗಲ್ಲಕ್ಕೆ ಮುತ್ತು ಕೊಟ್ಟಾಗೆಲ್ಲ ಸುಮ್ಮನೆ ಕೂಡುತ್ತೇನೆ. ನನ್ನ ಎರಡು ಕೂಗು ಅವಳನ್ನು ಹುದುಲಿಗೆ ಅಟ್ಟಿದವು. ಅಲ್ಲಿಂದ ತಿರುಗಿಸಿದ ಕೂಗು ನನ್ನದಲ್ಲ. ಅದಕ್ಕೆ ಸಲ್ಲಬೇಕಾದ ಮುತ್ತು ನನ್ನ ಗಲ್ಲಕ್ಕೆ ಬಿದ್ದಿದೆ, ನಾನು ಒರೆಸಿಕೊಂಡಿಲ್ಲ.

ಈಗ ಅವಳನ್ನು ಊಟಕ್ಕೆ ಕರೆದರೂ ಮೂರು ಸಲ ಕರೆಯುತ್ತೇನೆ. ಎರಡು ಸಲ ಕರೆದ ಮೇಲೆ ಒಂದಿಷ್ಟು ತಡೆಯುತ್ತೇನೆ. ಹೆಂಡತಿಗೆ ಹಾಗೆ ತಡೆಯುವುದು ನನ್ನ ಹಳೇ ಜಂಬದ ಉಳಿಕೆ ಅನ್ನಿಸುತ್ತದೆ. ಹಾಗಲ್ಲ. ಆ ಮೂರನೇ ಕೂಗನ್ನು ಅವರಿಬ್ಬರೂ ಕೇಳಿದ್ದಾರೆ, ನಾನು ಕೇಳಿಲ್ಲ. ಒಂದು ಸಲವಾದರೂ ಕೇಳಿಸೀತೇನೋ ಅಂತ ಕಿವಿಗೊಟ್ಟು ನಿಲ್ಲುತ್ತೇನೆ. ಕೇಳಿಸುವುದಿಲ್ಲ. ಆಗ ನಾನೇ ಕರೆಯುತ್ತೇನೆ. ಎಷ್ಟು ಕರೆದರೂ, ಮಹಾದೇವಿ ಅಂದು ಹೇಳಿದ ಹಾಗೆ ಮಾತ್ರ ಬರುವುದಿಲ್ಲ.