ಕಡಲ ತೀರದಲ್ಲಿ ಬಿಸಿ ಅನ್ನ

ಶಿರಸಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ನನ್ನ ಗೃಹಿಣಿ ಜಾನಕಿಯೂ ಗೋಕರ್ಣಕ್ಕೆ ಹೊರಟೆವು. ಮಹಾಬಲೇಶ್ವರನ ದರ್ಶನವೇ ಮುಖ್ಯ ಉದ್ದೇಶ. ಅದರ ಬೆನ್ನಿಗೆ ಅವಳದೊಂದು ಬೇಡಿಕೆ. ಹಿಂದಿನ ಸಲ ಹೋದಾಗ ಸಮೀಪದ ಕಡಲಹಳ್ಳಿಯಲ್ಲಿ, ಮರಳಿನ ಮೇಲೆ ಮೇಜು ಹಾಕಿದ್ದ ಒಂದು ಸಸ್ಯಾಹಾರಿ ಹೋಟೆಲನ್ನು ರಿಕ್ಷಾದಿಂದಲೇ ಕಂಡಿದ್ದಳು.

"ಒಂದ್ಸಲ ನಿಮ್ಮೆದುರಿಗೆ ಕೂತು ಒಟ್ಟಿಗೇ ಉಣ್ಣವು ಹೇಳಿ ಆಸೆ," ಎಂದಿದ್ದಳು.

ಮದುವೆಯಾಗಿ ನಲವತ್ತಾರು ವರ್ಷ. ನಮ್ಮಲ್ಲಿ ಗಂಡಸರದು ಮೊದಲ ಪಂಕ್ತಿ, ಬಡಿಸಿದವರದು ಕೊನೆಯದು. ಮೇಲಾಗಿ ಉಪನಯನವಾದಂದಿನಿಂದ ನನ್ನದು ಮೌನಭೋಜನ. ನಡುವೆ ಮಾತಾಡಿದರೆ ಅಲ್ಲಿಗೇ ಊಟ ಬಿಟ್ಟು ಏಳಬೇಕೆಂಬುದು ತೀರ್ಥರೂಪರು ಹಾಕಿಕೊಟ್ಟ ನಿಯಮ. ಆದರೂ ಒಪ್ಪಿದೆ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. "ಸರ್ಕಾರಕ್ಕೆ ಯನ್ನ ಮೇಲೇ ಪ್ರೀತಿ ಜಾಸ್ತಿ ನೋಡಿ," ಎಂದು ಜಾನಕಿ ನನ್ನನ್ನು ಚುಡಾಯಿಸಿದಳು. ದೇವಿಮನೆ ಘಟ್ಟದಲ್ಲಿ ತಂಪಿತ್ತು. ಕುಮಟೆಯಲ್ಲಿ ಇಳಿದೊಡನೆ ಸೆಖೆ. ಸೊಸೆ ಕಟ್ಟಿಕೊಟ್ಟ ಅವಲಕ್ಕಿ ತಿಂದು ಬಸ್ಸು ಬದಲಿಸಿದೆವು. ಮಧ್ಯಾಹ್ನ ದರ್ಶನ, ದೇವಾಲಯದ ಪ್ರಸಾದ. ಸೂರ್ಯಾಸ್ತಕ್ಕೆ ಆ ಹಳ್ಳಿಯ ದಂಡೆಯಲ್ಲಿ ಅರ್ಘ್ಯ ಕೊಟ್ಟು, ಸಂಧ್ಯಾವಂದನೆ ಮುಗಿಸಿ ಜಾನಕಿಯೊಡನೆ ಆ ಹೋಟೆಲಿಗೆ ನಡೆದೆ.

ಸುತ್ತಲಿನ ಮೇಜುಗಳಲ್ಲಿ ಹೊಸ ಜೋಡಿಗಳು. ನಮ್ಮ ಮೇಜಿಗೂ ಎದುರುಬದುರು ಎರಡೇ ಕುರ್ಚಿ. ಹೋಟೆಲಿನ ಯಜಮಾನ ಬಂದು ಮೊಂಬತ್ತಿ ಹಚ್ಚಿದ. ನಾವಿಬ್ಬರೂ ಕೈಮುಗಿದೆವು.

"ಭಟ್ರೆ, ಇದು ಬರೀ ಚಂದಕ್ಕೆ ಹಚ್ಚೂದು," ಎಂದು ಅವನು ನಕ್ಕ.

"ದೀಪ ದೀಪವೇ," ಎಂದೆ.

ಈರುಳ್ಳಿ ಬೇಡವೆಂದಿದ್ದಕ್ಕೆ ಅನ್ನ, ಸಾರು, ಸೌತೆಕಾಯಿ ಹುಳಿ ಬಂದವು. ತಟ್ಟೆಯ ಮೇಲೆ ಬಾಳೆಯೆಲೆಯನ್ನೂ ಹಾಸಿದ್ದ. ಪಾತ್ರೆ ಕಂಡದ್ದೇ ತಡ, ಜಾನಕಿ ಎದ್ದು ನಿಂತು ಸೌಟು ಕೈಗೆತ್ತಿಕೊಂಡಳು. ನನಗೆ ಬಡಿಸಿ ಪಕ್ಕದಲ್ಲೇ ನಿಂತಳು.

"ಅಮ್ಮಾ, ಬಡ್ಸೂಕೆ ನಾವಿಲ್ವಾ? ನೀವು ಕೂತ್ಕಣಿ!" ಎಂದ ಯಜಮಾನ. ನಾಚಿಕೊಂಡು ಕೂತಳು. ಅವಳ ಎಲೆಗೂ ಹಬೆಯಾಡುವ ಅನ್ನ ಬಿತ್ತು.

ನಾನು ಆಪೋಶನ ತೆಗೆದುಕೊಂಡು ಮೌನವಾದೆ. ಅವಳು ಅನ್ನಕ್ಕೆ ಕೈಹಾಕಿದವಳು ಸರಕ್ಕನೆ ಹಿಂದೆಗೆದು, ಬೆರಳುಗಳನ್ನು ಬಾಯಿಗಿಟ್ಟುಕೊಂಡಳು.

"ಸುಟ್ಟತಾ?" ಎಂದುಬಿಟ್ಟೆ.

"ಬಿಸಿ ಅನ್ನ ಉಂಡು ರೂಢಿಯೇ ಇಲ್ಲೆ," ಎಂದು ನಕ್ಕಳು. "ಎಲ್ಲರಿಗೂ ಬಡಿಸಿ ಯನ್ನ ಬಾಳೆಗೆ ಬಪ್ಪಷ್ಟೊತ್ತಿಗೆ ಆರಿರ್ತು." ಮರುಕ್ಷಣ ಮುಖ ಸಪ್ಪಗಾಯಿತು. "ಅಯ್ಯೋ, ಮಾತಾಡಿಬಿಟ್ರಿ! ಈಗ ಏಳ್ತ್ರಾ?"

ನನ್ನ ಎಲೆಯಲ್ಲಿ ಮೂರು ತುತ್ತಷ್ಟೇ ಕಡಿಮೆಯಾಗಿತ್ತು. ನಿತ್ಯವೂ ಹೊಗೆಯಾಡುವ ಅನ್ನವನ್ನೇ ಉಂಡಿದ್ದೆ. ಅವಳದು ಎಂಥದೆಂದು ಒಂದು ದಿನವೂ ಕೇಳಿರಲಿಲ್ಲ. ವಿಷ್ಣುಸ್ಮರಣೆ ಮಾಡಿದೆ. ತೀರ್ಥರೂಪರನ್ನೂ ನೆನೆದೆ.

"ಏಳ್ತ್ನಿಲ್ಲೆ. ನೀನು ಆರಿಸ್ಕಂಡು ಉಣ್ಣು," ಎಂದು ನಾಲ್ಕನೆಯ ತುತ್ತು ಕಲಸಿದೆ.

ಹುಳಿಗೆ ಉಪ್ಪು ಸ್ವಲ್ಪ ಜಾಸ್ತಿಯೆಂದು ಅವಳು, ಇಲ್ಲವೆಂದು ನಾನು. ಹಾಗೆಯೇ ಮಾತಾಡುತ್ತ ಮಜ್ಜಿಗೆಯವರೆಗೂ ಬಂದೆವು.

ಮರುದಿನ ಮಧ್ಯಾಹ್ನ ಮನೆ ಸೇರಿದಾಗ ಸೊಸೆ ನನಗೊಂದು ಬಾಳೆಯೆಲೆ ಹಾಕಿದ್ದಳು. ಸ್ನಾನ ಮುಗಿಸಿ ಬಂದು ಇನ್ನೆರಡು ಹಾಕಿಸಿದೆ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಮೂವರೂ ಕೂತೆವು. ಬಡಿಸಿಕೊಂಡಾದ ಮೇಲೆ ಯಾರೂ ಕೈಹಾಕಲಿಲ್ಲ. ಅವರಿಬ್ಬರ ಅನ್ನ ಸ್ವಲ್ಪ ಆರಲೆಂದು ನಾನೂ ಕಾದೆ.