ಹಂಪವ್ವನ ಬಲೆ ಮತ್ತು ನಮ್ಮ ಆರಡಿ ಟ್ಯಾಂಕು

ಹಂಪವ್ವನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಹರಿಹರದ ಹೊಳೆದಂಡೆಯವರಿಗೆಲ್ಲ ಇದು ಗೊತ್ತಂತೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿರುವ ನನಗೆ ಗೊತ್ತಾಗಿದ್ದು ಈ ವರ್ಷ, ನನ್ನ ಮನೆಯ ಹಾಲ್‌ನಲ್ಲೇ.

ಆಕೆಗೆ ಐವತ್ತೈದು ದಾಟಿದೆ. ಗಂಡ ಸಣ್ಣತಿಮ್ಮಪ್ಪನಿಗೆ ಲಾರಿ ತಾಗಿ ಬಲಗೈ ಎತ್ತಲಾಗದಂತಾದ ಮೇಲೆ ಹರಿಗೋಲು ಹಾಕುವವಳೂ ಆಕೆಯೇ, ಬಲೆ ಬಿಡುವವಳೂ ಆಕೆಯೇ. ಬುಧವಾರ ಮತ್ತು ಭಾನುವಾರ ಅಲ್ಯುಮಿನಿಯಂ ಬೋಗುಣಿಯಲ್ಲಿ ಮೀನು ತುಂಬಿಕೊಂಡು ದಾವಣಗೆರೆಗೆ ಬರುತ್ತಾಳೆ. ಮೊದಲು ಬಸ್ಸಿನಲ್ಲಿ ಬರುತ್ತಿದ್ದಳು. ವಾಸನೆ ಬರುತ್ತದೆ, ಇಳಿ ಅಂದ ಕಂಡಕ್ಟರ್‌ಗೆ, "ಟಿಕೀಟು ನನಗ ಕೊಟ್ಟೀರಿ. ವಾಸನಿಗೆ ಬ್ಯಾರೆ ಐತೇನು, ಅದನ್ನೂ ಹರೀರಿ" ಅಂದಿದ್ದಳಂತೆ. ಈಗ ಗೂಡ್ಸ್ ಆಟೋದಲ್ಲಿ ತರಕಾರಿ ಚೀಲಗಳ ನಡುವೆ ಕೂತು ಬರುತ್ತಾಳೆ.

ಆಕೆಯ ಹತ್ತಿರ ನಾಲ್ಕು ಬಲೆ ಇದ್ದವು. ಎರಡೇ ವರ್ಷದಲ್ಲಿ ಮೂರು ಹರಿದುಹೋದವು. ಉಳಿದದ್ದು ಮಳೆಗಾಲದಲ್ಲಿ ಮನೆಯಲ್ಲಿ ಕೂತು ತಾನೇ ಹೆಣೆದದ್ದು. ಅದೊಂದು ಹೋದರೆ ತನಗೆ ಹೊಳೆಯೂ ಇಲ್ಲ, ಗಾರೆ ಕೆಲಸಕ್ಕೆ ಹೋಗೋದೇ ಅನ್ನುತ್ತಿದ್ದಳು. ಮೀನು ತೂಗುತ್ತಾ ಆಕೆ ಹೇಳುವ ಇಂಥ ಮಾತಿಗೆ ನಾನು ಹೂಂ ಅನ್ನುತ್ತಿದ್ದೆ, ಅಷ್ಟೆ. ಬಲೆ ಯಾಕೆ ಹರಿಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಊರಿನ ಎಲ್ಲ ಆತಂಕವನ್ನೂ ತಲೆಗೆ ಹಚ್ಚಿಕೊಳ್ಳುವ ನಾನು ಇದೊಂದನ್ನು ಹೇಗೆ ಬಿಟ್ಟೆನೋ.

ನನ್ನ ಗಂಡ ಮಹೇಂದ್ರನಿಗೆ ಮೀನು ಸಾಕುವ ಹುಚ್ಚು. ಈ ಯುಗಾದಿಗೆ ಹಾಲ್‌ನ ಗೋಡೆಯುದ್ದಕ್ಕೂ ಆರಡಿಯ ಗಾಜಿನ ಟ್ಯಾಂಕು ಬಂತು. ಸ್ಟ್ಯಾಂಡು ಕುಸಿದರೆ? ಗಾಜು ಬಿರುಕು ಬಿಟ್ಟರೆ? ನಾಲ್ಕು ವರ್ಷದ ಸ್ವಾತಿ ಕುರ್ಚಿ ಹಾಕಿಕೊಂಡು ಕೈ ಬಿಟ್ಟರೆ? ನನಗೆ ವಾರವಿಡೀ ನಿದ್ದೆ ಇಲ್ಲ. ಅವರಿಗೆ ಮಾತ್ರ ಒಂದೇ ಚಿಂತೆ, ತಳದಲ್ಲಿ ಓಡಾಡಲು ಯಾವ ಕ್ಯಾಟ್‌ಫಿಶ್ ಹಾಕಬೇಕು, ಅಂದರೆ ಮೀಸೆ ಇರುವ ಮೀನುಗಳಲ್ಲಿ ಯಾವ ಜಾತಿ.

ಅಕ್ವೇರಿಯಂ ಅಂಗಡಿಯ ಅಂಜನ್ ಕುಮಾರ್ ಬೆರಳುದ್ದದ ಮರಿಯೊಂದನ್ನು ತೋರಿಸಿದ. "ರೆಡ್‌ಟೇಲ್ ಮೇಡಂ. ಬಾಲ ನೋಡ್ರಿ, ಬಣ್ಣ ಇನ್ನೂ ಏರ್ತೈತೆ. ಪಾಚಿ ತಿನ್ನಾಕ ಎರಡು ಸಕ್ಕರ್ ಮೀನು ಹಾಕಿಕೊಡ್ತೀನಿ, ಗಾಜಿಗೆ ಬಾಯಿ ಕಚ್ಚಿಕೊಂಡು ಕೂತಿರ್ತಾವೆ."

"ಎಷ್ಟು ದೊಡ್ಡದಾಗುತ್ತೆ?"

"ಟ್ಯಾಂಕಿಗೆ ತಕ್ಕಂಗ ಬೆಳೀತಾವೆ. ಟೆನ್ಷನ್ ಬ್ಯಾಡ್ರಿ."

ನಾನು ಅಲ್ಲೇ ಫೋನಿನಲ್ಲಿ ಹುಡುಕಿದೆ. ರೆಡ್‌ಟೇಲ್ ಮೂರು ಅಡಿ ದಾಟುತ್ತದೆ, ಬಾಯಿಗೆ ಹಿಡಿಯುವ ಎಲ್ಲವನ್ನೂ ನುಂಗುತ್ತದೆ. ಸಕ್ಕರ್ ಒಂದೂವರೆ ಅಡಿಯಾಗುತ್ತದೆ. ಮಹೇಂದ್ರನ ಮುಂದೆ ಫೋನು ಹಿಡಿದೆ.

"ನೀನು ಗೂಗಲ್‌ನಾಗೆ ನೆಗಡಿ ಅಂತ ಹುಡುಕಿದ್ರೂ ಆಪರೇಷನ್ ಅಂತ ಬರ್ತೈತೆ" ಅಂದರು. "ದೊಡ್ಡದಾದ್ರ ಹರಿಹರ ಐತಲ್ಲ."

ಹರಿಹರ ಐತಲ್ಲ ಅಂದರೇನು ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ನಮ್ಮ ಚಿಕ್ಕ ಟ್ಯಾಂಕಿನಲ್ಲಿದ್ದ ಸಕ್ಕರ್ ಬೆಳೆದು ಗಾಜಿಗೆ ಬಡಿಯತೊಡಗಿದಾಗ ನಮ್ಮತ್ತೆ ನಿರ್ಮಲಮ್ಮ ದಾರಿ ಹೇಳಿದ್ದರು. "ಮನೆ ಕೂಳು ತಿಂದ ಜೀವ. ಕೊಲ್ಲಬಾರದು, ಮಾರಬಾರದು. ಹೊಳಿಗೆ ಬಿಡ್ರಿ, ಪುಣ್ಯ ಬರ್ತೈತೆ." ಪೇಂಟಿನ ಬಕೆಟ್‌ನಲ್ಲಿ ಒಯ್ದೆವು. ಬಕೆಟ್ಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಾತಿಯ ಕೈಯಿಂದಲೇ ನೀರಿಗೆ ಬಿಡಿಸಿದೆವು. ಫೋಟೊ ತೆಗೆದವಳು ನಾನೇ. ದಂಡೆಯಲ್ಲಿ ನಮ್ಮಂತೆಯೇ ಬಕೆಟ್ ಹಿಡಿದ ಇನ್ನೆರಡು ಸಂಸಾರಗಳಿದ್ದವು.

ಅಂಗಡಿಯಲ್ಲಿ ನನ್ನ ಮಾತು ನಡೆಯಲಿಲ್ಲ. ಮೂರು ಮರಿಗಳು ಮನೆಗೆ ಬಂದವು. ಹೊಸ ನೀರಿಗೆ ಒಗ್ಗಲಿ ಎಂದು ಅವನ್ನು ಪ್ಲಾಸ್ಟಿಕ್ ಚೀಲದ ಸಮೇತ ಟ್ಯಾಂಕಿನಲ್ಲಿ ತೇಲಿಬಿಟ್ಟಿದ್ದೆವು. ಆಗ ಹಂಪವ್ವ ಬಂದಳು. ಕುಡಿಯಲು ನೀರು ಕೊಡುತ್ತೇನೆ, ಒಳಗೆ ಬನ್ನಿ ಎಂದು ನಾನೇ ಕರೆದೆ.

ಆಕೆ ಸಕ್ಕರ್ ಮರಿಗಳಿದ್ದ ಚೀಲದ ಹತ್ತಿರ ಮುಖ ಒಯ್ದು ನೋಡಿದಳು.

"ಇದನ್ನ ಯಾಕ ತಂದ್ರಿ ಅಕ್ಕಾರೆ?" ದನಿ ಅರ್ಧಕ್ಕೆ ಇಳಿದಿತ್ತು.

"ಪಾಚಿ ತಿನ್ನುತ್ತಂತೆ."

"ಪಾಚಿ ಅಷ್ಟೇ ಅಲ್ಲ. ನಮ್ಮ ಹೊಳ್ಯಾಗ ಮೀನಿನ ತತ್ತೀನೂ ತಿಂತೈತೆ. ಮೈಯೆಲ್ಲ ಚಿಪ್ಪು, ರೆಕ್ಕಿಗೆ ಮುಳ್ಳು. ಬಲಿಗೆ ಬಿತ್ತಂದ್ರ ಬಲಿ ಹರದೇ ಹೊರಗ ಬರೋದು." ಆಕೆ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಒಣಗಿದ ಗೀರು, ಹಸಿ ಗೀರು, ಒಂದರ ಮೇಲೊಂದು. "ಮೂರು ಬಲಿ ತಿಂದೈತೆ. ಎಲ್ಲಿಂದ ಬಂತೋ ಈ ಪೀಡೆ ಅಂತ ನಮ್ಮೋರು ಗಂಗಮ್ಮಗ ಹರಕಿ ಹೊತ್ತಾರೆ."

ಸೋಫಾದ ಮೇಲೆ ಕುಣಿಯುತ್ತಿದ್ದ ಸ್ವಾತಿ ಹೇಳಿದಳು, "ನಾವೂ ಬಿಟ್ವಿ ಅಜ್ಜಿ. ಕಾಯಿ ಒಡದು, ಟಾಟಾ ಮಾಡಿ ಬಂದ್ವಿ."

ಅತ್ತೆ ದೇವರಮನೆಯಿಂದ ಹೊರಬಂದವರು ಬಾಗಿಲಲ್ಲೇ ನಿಂತರು.

"ಪುಣ್ಯ ಬಂತೇನ್ರಿ?" ಎಂದು ಹಂಪವ್ವ ಅತ್ತೆಯನ್ನು ಕೇಳಿದಳು. ಕಿವಿಗೊಟ್ಟರಷ್ಟೇ ಕೇಳುವ ದನಿ. ನೀರು ಕುಡಿಯದೆ, ಮೀನು ಕೊಡದೆ, ಬೋಗುಣಿ ಎತ್ತಿಕೊಂಡು ಹೊರಟಳು.

ಮುಂದಿನ ಬುಧವಾರ ಬರಲಿಲ್ಲ. ಹರಿದೇ ಹೋಯಿತೇನೋ ಆ ಕೊನೆಯ ಬಲೆ ಎಂದು ನನಗೆ ದಿಗಿಲು. ದಿಗಿಲಿಗಿಂತ ಹೆಚ್ಚಾಗಿ ಸಿಟ್ಟು. ಗಂಡನ ಮೇಲೆ, ಅಂಜನ್ ಕುಮಾರನ ಮೇಲೆ, ಫೋಟೊ ತೆಗೆದ ನನ್ನ ಕೈಯ ಮೇಲೆ. ಭಾನುವಾರ, ಆಕೆ ಬರುವ ಹೊತ್ತು ಮೀರಿದ ಮೇಲೆ, ಮಹೇಂದ್ರನನ್ನು ಎಬ್ಬಿಸಿ, "ನಡೆಯಿರಿ ಹರಿಹರಕ್ಕೆ. ಈ ಸಲ ಬಕೆಟ್ ಬೇಡ" ಅಂದೆ. ಸ್ವಾತಿಯನ್ನೂ ಕರೆದುಕೊಂಡು ಹೊರಟೆವು.

ಹಂಪವ್ವ ದಂಡೆಯ ಬಂಡೆಯ ಮೇಲೆ ಬಲೆ ಹರಡಿಕೊಂಡು ಕೂತಿದ್ದಳು. ಬಲೆಯಲ್ಲಿ ಮೂರು ಸಕ್ಕರ್ ಸಿಕ್ಕಿಕೊಂಡಿದ್ದವು. ಮೊಣಕೈಯುದ್ದ ಇದ್ದವು, ಕಪ್ಪಗೆ, ನೀರಿನಿಂದ ಹೊರಬಂದು ಎಷ್ಟು ಹೊತ್ತಾಗಿದ್ದರೂ ಉಸಿರಾಡುತ್ತಲೇ ಇದ್ದವು. ನಮ್ಮನ್ನು ಕಂಡು ಆಕೆ ಏಳಲಿಲ್ಲ.

"ಬರ್ರಿ ಅಣ್ಣಾರೆ, ಕೂಡ್ರಿ. ನಿಮ್ಮ ಪುಣ್ಯಾನ ನೀವೇ ಬಿಡಸ್ರಿ."

ಮಹೇಂದ್ರ ಪ್ಯಾಂಟು ಮಡಚಿ ಕೂತರು. ಒಂದು ಎಳೆ ಬಿಡಿಸಿದರೆ ಮುಳ್ಳು ಇನ್ನೆರಡಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹೆಬ್ಬೆರಳು ಸೀಳಿ ರಕ್ತ ಬಂತು. ಅರ್ಧ ಗಂಟೆಯಾದರೂ ಮೀನು ಬರಲಿಲ್ಲ. ಬೆವರೊರೆಸಿಕೊಂಡು ಅವರು ಅಲ್ಲಿದ್ದ ಕತ್ತರಿಗೆ ಕೈ ಹಾಕಿದರು.

"ಬಲಿಯ ಒಂದು ಕಣ್ಣು ಕತ್ತರಿಸಿದ್ರ ಸುತ್ತಲ ಹತ್ತು ಕಣ್ಣು ಬಿಚ್ಚಿಕೊಂತಾವೆ" ಅಂದಳು ಹಂಪವ್ವ. ಬಲೆಯ ಪಕ್ಕ ಒಂದು ಕಟಿಂಗ್ ಪ್ಲೇಯರ್ ಇತ್ತು, ಅದನ್ನು ಕಾಲಲ್ಲೇ ಅವರತ್ತ ಸರಿಸಿದಳು. "ಇದ್ರಿಂದ ಮುಳ್ಳು ಮುರೀಬೇಕು. ಮುರುದ್ರ ಅದು ಉಳಿಯಲ್ಲ. ಮೀನು ಉಳೀಬೇಕೋ ಬಲಿ ಉಳೀಬೇಕೋ, ಹೇಳ್ರಿ."

"ಜೀವ ಇದೆ ಅದರಲ್ಲಿ" ಎಂದು ಮಹೇಂದ್ರ ನನ್ನ ಮುಖ ನೋಡಿದರು. ಆ ನೋಟಕ್ಕೆ ನನಗೆ ಮೈ ಉರಿದುಹೋಯಿತು. ಈಕೆಗೆ ಜೀವ ಇಲ್ಲವೇ? ಕೈ ಎತ್ತಲಾಗದ ಆ ಸಣ್ಣತಿಮ್ಮಪ್ಪನಿಗೆ?

ಪ್ಲೇಯರ್ ನಾನು ತೆಗೆದುಕೊಂಡೆ. ಮೂಗಿಗೆ ಸೆರಗು ಸುತ್ತಿಕೊಂಡೆ. ಹಂಪವ್ವ ಮೀನಿನ ತಲೆ ಒತ್ತಿ ಹಿಡಿದು, ಇಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಜಿರಳೆ ಕಂಡರೆ ಮಂಚ ಹತ್ತುವ ನಾನು ಬೆನ್ನಿನ ಮುಳ್ಳು ಮುರಿದೆ, ಆಮೇಲೆ ಎರಡು ಪಕ್ಕದವು. ಆಚೆ ನೋಡು ಎಂದು ಸ್ವಾತಿಗೆ ಹೇಳಿದೆ, ಅವಳು ಮೀನಿನಿಂದ ಕಣ್ಣು ತೆಗೆಯಲಿಲ್ಲ. ಮೀನು ಕಳಚಿ ಬಂಡೆಯ ಮೇಲೆ ಬಿತ್ತು. ಹಂಪವ್ವ ಕಲ್ಲಿನಿಂದ ಒಂದೇ ಏಟು ಹಾಕಿ, ಬಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಕಣ್ಣು ಮಾತ್ರ ಹರಿದಿದ್ದವು.

ಥ್ಯಾಂಕ್ಸೂ ಇಲ್ಲ, ಎಂಥದ್ದೂ ಇಲ್ಲ. "ಇನ್ನೂ ಎರಡು ಅದಾವೆ" ಅಂದಳು.

ಮಾರನೆಯ ದಿನ ಮೂರೂ ಮರಿಗಳನ್ನು ಅಂಗಡಿಗೆ ತಿರುಗಿ ಒಯ್ದೆ. "ಎಲ್ಲಾರೂ ಹೊಳಿಗೆ ಬಿಡ್ತಾರೆ ಮೇಡಂ, ನಿಮ್ಮೊಬ್ಬರಿಂದ ಏನಾಗ್ತೈತೆ?" ಎಂದು ಅಂಜನ್ ಕುಮಾರ್ ನಕ್ಕ. ಅವನ ಒಂದೊಂದು ತೊಟ್ಟಿಯ ಮುಂದೆಯೂ ನಿಂತು ನಾನು ಕೇಳಿದ್ದು ಒಂದೇ: ಮುದಿಯಾಗಿ ಸಾಯುವ ತನಕ ಇದು ನನ್ನ ಟ್ಯಾಂಕಿನಲ್ಲೇ ಇರಬಲ್ಲದೇ? ಸುಳ್ಳು ಹೇಳಿದರೆ ನಾಳೆ ಮತ್ತೆ ಬರುತ್ತೇನೆ, ನಿಮ್ಮ ಗಿರಾಕಿಗಳ ಮುಂದೆಯೇ ಕೇಳುತ್ತೇನೆ ಅಂದೆ. ಅವನ ನಗು ನಿಂತಿತು. ಕೊನೆಗೆ ಮೂಲೆಯ ತೊಟ್ಟಿಯಿಂದ ಎಂಟು ಕೋರಿಡೋರಾಸ್ ಹಿಡಿದುಕೊಟ್ಟ. ಇವಕ್ಕೂ ಮೀಸೆಯಿದೆ. ಗುಂಪಾಗಿ ಮರಳು ಕೆದಕುತ್ತವೆ, ಎಷ್ಟು ತಿಂದರೂ ಮೂರಿಂಚು ದಾಟುವುದಿಲ್ಲ. ಆರಡಿ ಟ್ಯಾಂಕು ಖಾಲಿ ಕಾಣುತ್ತದೆ ಎಂದು ಮಹೇಂದ್ರ ಈಗಲೂ ಗೊಣಗುತ್ತಾರೆ. ಕಾಣಲಿ. ನಾನು ತಿರುಗಿ ಕೊಟ್ಟ ಆ ಮೂರು ಮರಿಗಳು ಯಾರ ಮನೆ ಸೇರಿದವೋ ಎಂಬುದೇ ನನಗೆ ಚಿಂತೆ.

ಹಂಪವ್ವ ಈಗ ಭಾನುವಾರ ದಾವಣಗೆರೆಗೆ ಬರುವುದಿಲ್ಲ. ಬಕೆಟ್ ಹಿಡಿದವರು ಬರುವುದು ಅವತ್ತೇ. ಹೊಳೆಯ ಸ್ನಾನದ ಮೆಟ್ಟಿಲ ಮೇಲೆ ಕೂತು ಅವರಿಗಾಗಿ ಕಾಯುತ್ತಾಳೆ. ಹೋದ ವಾರ ನಾನೂ ಜೊತೆಗಿದ್ದೆ. ಕಾರಿನಿಂದ ಇಳಿದವನೊಬ್ಬ ಮುಚ್ಚಳ ಹಾಕಿದ ಬಕೆಟ್ ತಂದ.

"ಏನೈತ್ರಿ ಅದರಾಗ?"

"ಜೀವ ಬಿಡಾಕ ಬಂದೀವಿ. ನಿನಗ್ಯಾಕವ್ವ? ಹೊಳಿ ನಿಂದೇನು?"

ನಾನು ಗದರಲು ಎದ್ದೆ. ಹಂಪವ್ವ ನನ್ನ ಕೈ ಹಿಡಿದು ಕೂರಿಸಿದಳು. ಅವನು ಬಾಗಿ ಕಿವಿ ಕೊಡಬೇಕಾಗುವಷ್ಟು ಮೆಲ್ಲಗೆ ಹೇಳಿದಳು, "ನಂದಲ್ಲಪ್ಪಾ. ನಿಂದೂ ಅಲ್ಲ. ಮುಚ್ಚಳ ತಗದು ತೋರ್ಸು."

ಅವನು ಮುಚ್ಚಳ ತೆಗೆಯಲಿಲ್ಲ. ಬಕೆಟ್ ಎತ್ತಿಕೊಂಡು ಕಾರಿಗೆ ಹೋದ. ಕಾರು ಸೇತುವೆಯ ಕಡೆಗೆ ತಿರುಗಿತು. ಸೇತುವೆಯ ಆಚೆಯೂ ದಂಡೆ ಇದೆ.