ಲೌಂಜಿನಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಸವಣೂರಿನಲ್ಲಿ ಈ ಸುದ್ದಿ ಕೇಳದವರು ಈಗ ಯಾರೂ ಉಳಿದಿಲ್ಲ. ಎಲೆ ಮಾರುವಲ್ಲಿ ಹೇಳಿದೆ, ಖಾರದ ಅಂಗಡಿಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಅದು ನಿಲ್ಲುವ ತನಕ ಕಾದು ಹೇಳಿದೆ. ಬಾಕಿ ಇದ್ದವರು ನೀವೊಬ್ಬರೇ.

ಐದನೆಯ ಇಯತ್ತೆಗೆ ಸಾಲೆ ಬಿಟ್ಟು ಎಲೆಬಳ್ಳಿಯ ತೋಟಕ್ಕಿಳಿದವನು ನಾನು. ವಿಮಾನ ನಿಲ್ದಾಣದ ಲೌಂಜಿನ ಬಗ್ಗೆ ಬರೆಯುವ ಯೋಗ್ಯತೆ ನನಗೆ ಎಲ್ಲಿಂದ ಬಂತೆಂದರೆ, ಅಷ್ಟು ಅಡುಗೆಯ ನಡುವೆ ಉಪವಾಸ ಕುಳಿತವನು ಬಹುಶಃ ನಾನೊಬ್ಬನೇ. ಇಲ್ಲ, ತಪ್ಪಿ ಹೇಳಿದೆ. ಜೊತೆಗೆ ಇನ್ನೊಬ್ಬರಿದ್ದರು. ನನ್ನ ಬೀಗರು, ಹಿರೇಕೆರೂರಿನ ಚನ್ನಬಸಪ್ಪನವರು.

ನನ್ನ ಮಗಳು ದಿಲ್ಲಿಯಲ್ಲಿ ನರ್ಸು. ಬಾಣಂತನಕ್ಕೆಂದು ನನ್ನ ಹೆಂಡತಿಯೂ ಬೀಗತಿಯೂ ಮೊದಲೇ ರೈಲು ಹತ್ತಿ ಹೋಗಿ, ಒಂದೇ ಒಲೆಯ ಮುಂದೆ ನಿಂತು ಅಕ್ಕತಂಗಿಯರಾಗಿಬಿಟ್ಟಿದ್ದರು. ಗಂಡಸರು ನಾವಿಬ್ಬರೇ ಉಳಿದಿದ್ದೆವು, ಮತ್ತು ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಕಾರಣ ಹೇಳಿದರೆ ನೀವು ನಗುತ್ತೀರಿ. ಮದುವೆಯಾದ ಮೇಲೆ ಅವರ ಮನೆಯಲ್ಲಿ ಬೀಗರ ಊಟ. ಹೋಳಿಗೆ, ಮಾವಿನ ಶೀಕರಣೆ. ಚನ್ನಬಸಪ್ಪನವರು ತಾವೇ ಹೋಳಿಗೆಯ ಬುಟ್ಟಿ ಹಿಡಿದು ನನ್ನ ಎಲೆಯ ಮುಂದೆ ಬಂದರು. ನಾನು ‘ಬ್ಯಾಡ್ರಿ’ ಅಂದೆ. ಅವರು ‘ಆತ್ರಿ’ ಅಂದು ಮುಂದೆ ಹೋದರು. ಹೋದವರು ತಿರುಗಿಯೂ ನೋಡಲಿಲ್ಲ.

ನಮ್ಮ ಕಡೆ ಊಟದ ಶಾಸ್ತ್ರ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯ ‘ಬ್ಯಾಡ್ರಿ’ ಬರೀ ನಮಸ್ಕಾರವಿದ್ದ ಹಾಗೆ. ಎರಡನೆಯದು ಬಡಿಸುವವರ ಮನಸ್ಸು ತಿಳಿಯಲಿಕ್ಕೆ. ಮೂರನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ, ಆದರೆ ಬೆರಳುಗಳ ನಡುವೆ ತುಪ್ಪ ಇಳಿಯುವಷ್ಟು ಸಂದು ಬಿಟ್ಟಿರುತ್ತೇವೆ. ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ಎಲ್ಲಿ ಕುಳಿತರೂ ಇದೇ ಕಾನೂನು. ಮೊದಲನೆಯ ‘ಬ್ಯಾಡ’ಕ್ಕೇ ಬುಟ್ಟಿ ಎತ್ತುವುದೆಂದರೆ ಎದ್ದು ಹೋಗು ಅಂದಂತೆ. ನಾನು ಎದ್ದು ಬಂದೆ. ಮತ್ತೆ ಆ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ.

ಮೊಮ್ಮಗಳು ಹುಟ್ಟಿದ ಮೇಲೆ ಮಗಳ ಫೋನು ಬಂತು. "ಅಪ್ಪಾ, ನೀನೂ ನಮ್ಮ ಮಾವಾರೂ ಕೂಡೇ ಬರ್ರಿ. ಮಾತಾಡ್ಕೊಂತ ಬರ್ರಿ. ಒಬ್ರ ಮಾರಿ ಆ ಕಡಿ, ಒಬ್ರ ಮಾರಿ ಈ ಕಡಿ ಮಾಡ್ಕೊಂಡು ಬಂದ್ರ ಕೂಸಿನ್ನ ತೋರ್ಸಂಗಿಲ್ಲ ನೋಡು."

ನರ್ಸಿನ ಮಾತು. ಒಳಗೆ ಬಿಡುವುದಿಲ್ಲ ಅಂದರೆ ಬಿಡುವುದಿಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ವಿಮಾನ, ಅಲ್ಲಿಂದ ದಿಲ್ಲಿಗೆ ಇನ್ನೊಂದು. ನಡುವೆ ಕಾಯಬೇಕಲ್ಲ, ಮುದುಕರು ದಣಿಯುತ್ತಾರೆಂದು ಅಳಿಯ ಟಿಕೀಟಿನ ಜೊತೆಗೇ ಲೌಂಜಿಗೂ ದುಡ್ಡು ಕಟ್ಟಿದ್ದ. ಹುಬ್ಬಳ್ಳಿಯಿಂದ ಅಲ್ಲಿಯ ತನಕ ನಾವು ಆಡಿದ ಮಾತೆಂದರೆ ‘ಹೂಂ’ ಒಂದೇ.

ಲೌಂಜೆಂದರೆ ಏನಿರುತ್ತದೆ ಎಂದು ಕೇಳುತ್ತೀರಿ. ಹೊರಗೆ ಸವಣೂರ ಸಂತೆಯನ್ನು ಮೀರಿಸುವ ಜನ. ಬಾಗಿಲು ದಾಟಿದರೆ ತಣ್ಣನೆಯ ಗಾಳಿ, ಮೆತ್ತನೆಯ ಜಮಖಾನೆ, ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಡುವ ಕುರ್ಚಿ. ಒಂದು ಗೋಡೆಯುದ್ದಕ್ಕೂ ಮುಚ್ಚಳ ಹಾಕಿದ ದೊಡ್ಡ ದೊಡ್ಡ ಪಾತ್ರೆಗಳು. ಇಡ್ಲಿ, ಉಪ್ಪಿಟ್ಟು, ಪಲಾವು, ಹೆಸರು ತಿಳಿಯದ ಹಳದಿ ಸಾರು, ಜಾಮೂನು. ಆದರೆ ಬಡಿಸುವವರಿಲ್ಲ. ಅಡುಗೆ ಮಾಡಿಟ್ಟು ಮದುವೆ ಮನೆಯವರೆಲ್ಲ ಊರು ಬಿಟ್ಟಂತೆ. ಜನ ತಾವೇ ಹೋಗುತ್ತಾರೆ, ತಾವೇ ಹಾಕಿಕೊಳ್ಳುತ್ತಾರೆ, ಫೋನು ನೋಡುತ್ತ ತಿಂದು ಎದ್ದು ಹೋಗುತ್ತಾರೆ. ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ.

ನಾವು ಕರೆಯುವವರಿಗಾಗಿ ಕಾದು ಕುಳಿತೆವು. ಕೊನೆಗೊಬ್ಬ ಹುಡುಗಿ ನಗುನಗುತ್ತ ಬಂದು, "ಸರ್, ಊಟ ಅಲ್ಲಿದೆ, ಏನು ಬೇಕೋ ಹಾಕ್ಕೊಳ್ಳಿ" ಅಂದಳು.

"ನಂದು ಆಗೇತವಾ" ಅಂದೆ ನಾನು. ಕರೆದ ತಕ್ಷಣ ಏಳುವುದು ಚೆಂದವೇ?

"ನಂದೂ ಆಗೇತಿ" ಅಂದರು ಬೀಗರು. ನನಗಿಂತ ಕಡಿಮೆ ಆಗಬಾರದಲ್ಲ.

ಅವಳು ನಂಬಿಬಿಟ್ಟಳು. ಥ್ಯಾಂಕ್ಯೂ ಅಂದು ಹೋದಳು. ಅವಳ ಬೆನ್ನನ್ನು ನಾವಿಬ್ಬರೂ ಎಷ್ಟು ಆಸೆಯಿಂದ ನೋಡಿದೆವೆಂದರೆ, ನಮ್ಮ ವಯಸ್ಸಿನವರು ಹಾಗೆ ನೋಡಬಾರದು.

ಹೊತ್ತು ಹೋಯಿತು. ನೀರಿನ ಗ್ಲಾಸು ಎತ್ತಿದರೆ ನನ್ನ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ ಬಿತ್ತು. ಬೀಗರು ಒಮ್ಮೆ ನೋಡಿದರು. ಕುರ್ಚಿಯಿಂದ ಒದ್ದಾಡಿ ಎದ್ದು ಹೋಗಿ ತಾಟಿನ ತುಂಬ ಇಡ್ಲಿ, ಉಪ್ಪಿಟ್ಟು ತಂದು ನನ್ನ ಮುಂದೆ ಇಟ್ಟರು.

"ತಗೋರಿ."

"ಬ್ಯಾಡ್ರಿ."

"ತಗೋರಿ ಅಂದ್ನೆಲ್ಲ. ಸಕ್ರಿ ಬ್ಯಾನಿ ಇದ್ದವ್ರು ಹಸ್ಕೊಂಡು ಕುಂದರಬಾರ್ದು."

ನನ್ನ ಸಕ್ಕರೆ ಕಾಯಿಲೆ ಮನೆಯವರ ಹೊರತು ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. "ನಿಮಗ್ಯಾರು ಹೇಳಿದ್ರು?" ಅಂದೆ.

"ನಿಮ್ಮ ಮಗಳ ಹೇಳಿದ್ಲರಿ, ಬೀಗರ ಊಟದ ದಿವ್ಸ. ನಮ್ಮಪ್ಪ ಮಂದ್ಯಾಗ ನಾಚ್ತಾನ, ಹೋಳಿಗಿ ತಂದಾಗ ಒತ್ತಾಯ ಮಾಡಬ್ಯಾಡ್ರಿ ಮಾವಾರ, ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಮುಗದ್ಲು. ಹೊಸಾ ಸೊಸಿ ಬಾಯಿಬಿಟ್ಟು ಕೇಳಿದ ಮೊದಲ್ನೇ ಮಾತು. ಹ್ಯಾಂಗ ಮೀರ್ಲಿ? ಆಮ್ಯಾಲ ನೀವು ಮಾರಿ ತಿರುವಿದ್ರಿ. ನನಗೂ ಸಿಟ್ಟು ಬಂತು."

ನಾನು ಉಪ್ಪಿಟ್ಟಿನ ಒಂದು ತುತ್ತು ಬಾಯಿಗಿಟ್ಟೆ. ಇಷ್ಟು ದಿನ ಅವರ ಮೇಲೆ ಬೆಳೆಸಿದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕು? ಮಗಳ ಮೇಲೆ ಇಳಿಸೋಣವೆಂದರೆ ಅವಳ ಕೈಯಲ್ಲಿ ಕೂಸು ಇದೆ. ನಗು ಬಂದುಬಿಟ್ಟಿತು. ಬೀಗರಿಗೂ ಬಂತು. ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು ನಗಬಾರದೆಂದು ಲೌಂಜಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಆಮೇಲೆ ನಾನು ಎದ್ದು ಅವರಿಗೆ ತಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಅವರು ಮತ್ತೆ ತಂದರು. ಅಷ್ಟಕ್ಕೂ ನಮ್ಮ ಉತ್ಸಾಹ ಮುಗಿಯದೆ, ಪಕ್ಕದಲ್ಲಿ ಕಂಪ್ಯೂಟರು ಕುಟ್ಟುತ್ತಿದ್ದ ಪ್ಯಾಟಿಯ ಮನುಷ್ಯನ ಕಡೆಗೂ ತಿರುಗಿತು. "ಇಷ್ಟ ತಿಂದ್ರ ಹ್ಯಾಂಗ್ರೀ ಸಾಹೇಬ್ರ, ಇನ್ನೊಂದು ಇಡ್ಲಿ ಹಾಕ್ಕೋರಿ, ನಮಗ ಮೊಮ್ಮಗಳು ಹುಟ್ಯಾಳ" ಅಂದರು ಬೀಗರು. ಭಾಷೆ ತಿಳಿಯದಿದ್ದರೂ ಆತ ಎದ್ದು ಹೋಗಿ ಇಡ್ಲಿ ತಂದುಕೊಂಡ. ಆ ಹುಡುಗಿ ಬಂದು ವಿಮಾನದ ಹೊತ್ತಾಯಿತೆಂದು ಎಬ್ಬಿಸದಿದ್ದರೆ ಲೌಂಜಿನವರನ್ನೆಲ್ಲ ಪಂಕ್ತಿಗೆ ಕೂರಿಸುತ್ತಿದ್ದೆವೋ ಏನೋ.

ಸಂಜೆ ದಿಲ್ಲಿಯಲ್ಲಿ ಮೆಟ್ಟಿಲು ಹತ್ತುವಾಗ ನಮ್ಮ ಮಾತು ಮೂರನೆಯ ಅಂತಸ್ತಿಗೆ ಕೇಳಿಸಿತಂತೆ. ಬಾಗಿಲು ಬಡಿಯುವ ಮೊದಲೇ ಮಗಳು ತೆಗೆದಳು. ಇಬ್ಬರ ಮಾರಿಯನ್ನೂ ಪರೀಕ್ಷೆ ಮಾಡಿ, ನಮ್ಮನ್ನು ಗೋಡೆಗೆ ಒರಗಿಸಿ ಕೂರಿಸಿ, ಕೂಸಿನ ತಲೆಯನ್ನು ಬೀಗರ ತೊಡೆಯ ಮೇಲೆ, ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಳು. ಮೊಮ್ಮಗಳು ನನ್ನನ್ನು ಒಮ್ಮೆ ಒದ್ದು ನಿದ್ದೆ ಹೋದಳು. ಇಂಥ ಮರ್ಯಾದೆ ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಅಲುಗಾಡಿದರೆ ಕೂಸು ಎದ್ದೀತೆಂದು ನಾವು ಏಳಲೇ ಇಲ್ಲ. ಹಾಗಾಗಿ ಮನೆಯವರೆಲ್ಲ ನಮ್ಮ ಸುತ್ತಲೇ ತಾಟು ಹಾಕಿಕೊಂಡು ಕುಳಿತರು, ಮಗಳು, ಅಳಿಯ, ಇಬ್ಬರು ಅಜ್ಜಿಯರು. ರೊಟ್ಟಿ, ಎಣ್ಣೆಗಾಯಿ ಪಲ್ಯ. ರೊಟ್ಟಿ ಮುರಿದ ಸದ್ದೂ ಆಗಬಾರದೆಂದು ನನ್ನ ಹೆಂಡತಿ ಅದನ್ನು ಸಾರಿನಲ್ಲಿ ನೆನೆಸಿ ಕೊಟ್ಟಳು. ಬೀಗರು ನನ್ನ ಕಿವಿಯ ಹತ್ತಿರ ಬಾಗಿ, "ಇನ್ನೊಂದು ಹಾಕ್ಸ್ಕೋರಿ" ಅಂದರು. ನಾನೂ ಮೆಲ್ಲಗೆ, "ನೀವೂ ಹಾಕ್ಸ್ಕೋರಿ" ಅಂದೆ. ಒತ್ತಾಯವನ್ನು ಪಿಸುಮಾತಿನಲ್ಲಿಯೂ ಮಾಡಬಹುದೆಂದು, ಇಷ್ಟು ಮದುವೆ ಉಂಡ ಮೇಲೆ, ನನಗೆ ಆವತ್ತು ಗೊತ್ತಾಯಿತು.